ಕ್ರಿಯಾಟಿನ್ ಬೇರೆ, ಕ್ರಿಯಾಟಿನಿನ್ ಬೇರೆ

ಮಾನ್ಯ ಸಂಪಾದಕರೇ,

ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧನಾಗುತ್ತಿದ್ದ ನನ್ನ ಸೋದರಳಿಯನ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡದ ಕೆಲಸ ಹೇಗಿದೆಯೆಂದು ಸೂಚಿಸುವ ಕ್ರಿಯಾಟಿನಿನ್ 1.4 ಎಂದು ಬಂದದ್ದೇ ತಡ, ಹುಡುಗನ ಕಿಡ್ನಿ ಹೋಯಿತೆಂದು ಮನೆಮಂದಿಯೆಲ್ಲ ಕಂಗಾಲಾದರು. ಮೂರು ತಿಂಗಳಿಂದ ಜಿಮ್‌ಗಳಲ್ಲಿ ಮಾರುವ ಕ್ರಿಯಾಟಿನ್ ಪುಡಿ ಸೇವಿಸುತ್ತಿದ್ದುದನ್ನು ಅವನು ವೈದ್ಯರಿಂದಲೂ ಮುಚ್ಚಿಟ್ಟಿದ್ದ.

ಆರ್ಜಿನಿನ್, ಗ್ಲೈಸಿನ್, ಮೆಥಿಯೊನಿನ್ ಎಂಬ ಮೂರು ಅಮೈನೊ ಆಮ್ಲಗಳಿಂದ ನಮ್ಮ ಮೂತ್ರಪಿಂಡ ಮತ್ತು ಯಕೃತ್ತು ತಾವೇ ತಯಾರಿಸಿಕೊಳ್ಳುವ ವಸ್ತು ಕ್ರಿಯಾಟಿನ್. ಅದರ ಸುಮಾರು ಶೇ 95ರಷ್ಟು ಸ್ನಾಯುಗಳಲ್ಲಿ ಶೇಖರವಾಗಿದ್ದು, ಭಾರ ಎತ್ತುವಾಗ, ಗುಂಡು ಎಸೆಯುವಾಗ ಕೆಲವೇ ಕ್ಷಣಗಳಿಗೆ ಬೇಕಾದ ಶಕ್ತಿಯನ್ನು ಮರುಪೂರಣ ಮಾಡುತ್ತದೆ. 1600 ಮೀಟರ್ ಓಟಕ್ಕೆ ಅದರ ನೆರವು ಅಷ್ಟಕ್ಕಷ್ಟೇ. ಮಾಂಸ, ಮೀನಿನಲ್ಲಿ ಇರುವ ಈ ವಸ್ತು ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ತೊಗರಿಬೇಳೆಗೆ ಎಷ್ಟೇ ಹೆಸರಿರಲಿ, ಅದರಲ್ಲಿರುವುದು ಪ್ರೋಟೀನ್, ಕ್ರಿಯಾಟಿನ್ ಅಲ್ಲ. ಕ್ರಿಯಾಟಿನ್ ಸವೆದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯವೇ ಕ್ರಿಯಾಟಿನಿನ್. ಆದ್ದರಿಂದ ಪುಡಿ ಸೇವಿಸುವವರಲ್ಲಿ ಮೂತ್ರಪಿಂಡ ಸರಿಯಾಗಿದ್ದರೂ ಆ ಅಂಕಿ ತುಸು ಏರಬಹುದು. ಸಂಶಯವಿದ್ದಾಗ ಸಿಸ್ಟಾಟಿನ್ ಸಿ ಎಂಬ ಬೇರೊಂದು ರಕ್ತಪರೀಕ್ಷೆಯಿಂದ ವೈದ್ಯರು ನಿಜಸ್ಥಿತಿ ತಿಳಿಯಬಲ್ಲರು.

ಆರೋಗ್ಯವಂತ ವಯಸ್ಕರು ದಿನಕ್ಕೆ 3ರಿಂದ 5 ಗ್ರಾಂ ಸೇವಿಸಿದರೆ ಮೂತ್ರಪಿಂಡಕ್ಕೆ ಹಾನಿಯಾಗುವುದು ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಸ್ನಾಯುಗಳಲ್ಲಿ ನೀರು ನಿಲ್ಲುವುದರಿಂದ ತೂಕ ಒಂದೆರಡು ಕಿಲೋ ಹೆಚ್ಚುವುದುಂಟು, ಒಮ್ಮೆಗೇ ಹೆಚ್ಚು ನುಂಗಿದರೆ ಹೊಟ್ಟೆ ಕೆಡುವುದುಂಟು. ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು ಮತ್ತು ಹದಿನೆಂಟು ತುಂಬದ ಮಕ್ಕಳು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ನನ್ನ ಆತಂಕ ಕ್ರಿಯಾಟಿನ್‌ಗಿಂತ ಡಬ್ಬಿಯ ಕುರಿತಾದದ್ದು. ಸೋದರಳಿಯ ತಂದಿದ್ದ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆಯಾಗಲಿ, ಬ್ಯಾಚ್ ಸಂಖ್ಯೆಯಾಗಲಿ ಇರಲಿಲ್ಲ; ಒಳಗಿದ್ದದ್ದು ಏನೆಂದು ಮಾರಿದವರಿಗೂ ತಿಳಿದಿರಲಾರದು. ವೈದ್ಯರ ಸಲಹೆಯಂತೆ ಪುಡಿ ನಿಲ್ಲಿಸಿ ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಿದಾಗ ಅಂಕಿ 1.0ಕ್ಕೆ ಇಳಿಯಿತು. ಕಲಬುರಗಿಯ ಜಿಮ್‌ಗಳಲ್ಲಿ ಮಾರಾಟವಾಗುವ ಇಂಥ ಪುಡಿಗಳ ಮಾದರಿಗಳನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸಬೇಕು. ರಕ್ತ ತೆಗೆಯುವ ಮುನ್ನ ‘ಜಿಮ್ ಪುಡಿ ಏನಾದರೂ ತಗೊಳ್ತೀರಾ’ ಎಂದು ಪ್ರಯೋಗಾಲಯದವರು ಒಂದು ಮಾತು ಕೇಳಬೇಕೆಂದು ವಿನಂತಿ.

— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಕಲಬುರಗಿ