ವೆನಿಸ್‌ನಲ್ಲಿ ಹೋಟೆಲ್ ಬಾಗಿಲಿಗೆ ಕಾರು ಹೋಗುವುದಿಲ್ಲ: ವೋಚರ್ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಿಮಾನ ನಿಲ್ದಾಣದ ಪಿಕಪ್ ಸೇವೆಯಲ್ಲಿ ತಪ್ಪು ಮಾಹಿತಿ, ಹಣ ವಾಪಸಾತಿ

ಮಾನ್ಯರೇ,

ನಾಲ್ವರ ಹೆಸರಿಗೆ ನೀವು ಕೊಟ್ಟ ವೋಚರ್‌ನಲ್ಲಿ ಮಾರ್ಕೊ ಪೋಲೊ ವಿಮಾನ ನಿಲ್ದಾಣದಿಂದ ವೆನಿಸ್ ನಡುವಿನ ರಿಯಾಲ್ಟೊ ಹತ್ತಿರದ ಹೋಟೆಲ್ ಬಾಗಿಲವರೆಗೆ ಖಾಸಗಿ ಕಾರು ಎಂದಿದೆ. ಇಂಥ ಸೇವೆ ಕೊಡಲು ಯಾರಿಂದಲೂ ಸಾಧ್ಯವಿಲ್ಲ. ನೆಲದ ಕಡೆಯಿಂದ ವೆನಿಸ್‌ಗೆ ವಾಹನ ಬರುವುದು 1933ರಲ್ಲಿ ತೆರೆದ ಲಿಬರ್ಟಾ ಸೇತುವೆಯ ಮೇಲೆ. ಅದು ಮುಗಿಯುವಲ್ಲಿರುವ ಪಿಯಾಜಾಲೆ ರೋಮಾ ಚೌಕಕ್ಕೇ ರಸ್ತೆ ಮುಗಿಯಿತು. ಆಚೆಗೆ ದೋಣಿ, ಇಲ್ಲವೇ ಕಾಲ್ನಡಿಗೆ. ನಿಮ್ಮ ಚಾಲಕರು ಅಲ್ಲೇ ಸಾಮಾನು ಇಳಿಸಿ ಹೋದರು. ಅವರ ತಪ್ಪೇನೂ ಇಲ್ಲ, ತಪ್ಪಿರುವುದು ವೋಚರ್‌ನಲ್ಲಿ.

ಪಿಯಾಜಾಲೆ ರೋಮಾವರೆಗೆ ಮಾತ್ರವಾದರೆ ವಿಮಾನ ನಿಲ್ದಾಣದ ಬಸ್ಸೇ ಇದೆ. ತಲಾ 10 ಯೂರೋ, ಇಪ್ಪತ್ತು-ಇಪ್ಪತ್ತೈದು ನಿಮಿಷದ ದಾರಿ. ಅಲ್ಲಿಂದ ರಿಯಾಲ್ಟೊಗೆ 1ನೇ ನಂಬರಿನ ವಪೊರೆಟ್ಟೊ, ಅಂದರೆ ಸಾರ್ವಜನಿಕ ದೋಣಿ, ಹಿಡಿಯಬಹುದು. ಅದರ 75 ನಿಮಿಷದ ಟಿಕೆಟ್ ತಲಾ 9.50 ಯೂರೋ, ನಾಲ್ವರಿಗೆ 38 ಯೂರೋ. ಹತ್ತುವ ಮುಂಚೆ ಟಿಕೆಟನ್ನು ಯಂತ್ರಕ್ಕೆ ತೋರಿಸದಿದ್ದರೆ ದಂಡ ಬೀಳುತ್ತದೆ. ಈ ಒಂದು ಸಾಲು ಕೂಡ ನಿಮ್ಮ ಕಾಗದದಲ್ಲಿಲ್ಲ. ರಿಯಾಲ್ಟೊದಂಥ ಕಡೆಗೆ ಬುಕ್ ಮಾಡುವವರಿಗೆ ನೀವು ಹೇಳಬೇಕಿದ್ದದ್ದು ಅಲಿಲಗೂನಾ ಎಂಬ ದೋಣಿ ಕಂಪನಿಯ ಕಿತ್ತಳೆ ಮಾರ್ಗದ ದೋಣಿ. ಟರ್ಮಿನಲ್‌ನಿಂದ ಹತ್ತು ನಿಮಿಷ ನಡೆದರೆ ಅದರ ಕಟ್ಟೆ ಸಿಗುತ್ತದೆ, ನಡುವೆ ದೋಣಿ ಬದಲಿಸದೆ ನೇರ ರಿಯಾಲ್ಟೊದಲ್ಲೇ ಇಳಿಯಬಹುದು. ಅದಕ್ಕೆ ಬೇರೆಯೇ ಟಿಕೆಟ್ ಬೇಕು, ವಪೊರೆಟ್ಟೊ ಟಿಕೆಟ್ ನಡೆಯುವುದಿಲ್ಲ.

ವಿಳಾಸದ ವಿಷಯ ಇದಕ್ಕಿಂತ ಗಂಭೀರ. ನೀವು ಬರೆದಿರುವುದು "ಸಾನ್ ಮಾರ್ಕೊ" ಎಂಬ ಬಡಾವಣೆಯ ಹೆಸರು ಮತ್ತು ಒಂದು ನಂಬರು, ಅಷ್ಟೇ. ವೆನಿಸ್‌ನಲ್ಲಿ ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಇಡೀ ಬಡಾವಣೆಗೆ ಸೇರಿದ್ದು. ಇಂಥ ಬಡಾವಣೆಗಳು ಆರು, ಒಂದೊಂದರಲ್ಲೂ ಸಾವಿರಾರು ನಂಬರು. ಗಲ್ಲಿಯ ಹೆಸರು, ಇಳಿಯಬೇಕಾದ ದೋಣಿ ನಿಲ್ದಾಣ, ಅಲ್ಲಿಂದ ದಾಟಬೇಕಾದ ಸೇತುವೆಗಳೆಷ್ಟು ಎಂಬ ಮೂರೂ ಇಲ್ಲದಿದ್ದರೆ ಆ ವಿಳಾಸ ಹಿಡಿದು ಹುಡುಕುವುದು ಬಹಳ ಕಷ್ಟ. ಕಾಲುವೆ ಸೇತುವೆಗಳಿಗೆ ಸಾಮಾನ್ಯವಾಗಿ ಮೆಟ್ಟಿಲೇ ಇರುತ್ತವೆ. ಇಪ್ಪತ್ತಮೂರು ಕೆಜಿ ಸೂಟ್‌ಕೇಸಿನ ಗಾಲಿ ಅಲ್ಲಿ ಕೆಲಸಕ್ಕೆ ಬಾರದು. ಪ್ರತಿ ಸೇತುವೆಯಲ್ಲೂ ಎತ್ತಿ ಹತ್ತಿಸಬೇಕು, ಎತ್ತಿ ಇಳಿಸಬೇಕು. ಮಂಡಿನೋವಿರುವ ಹಿರಿಯರು ಜೊತೆಯಲ್ಲಿದ್ದಾರೆಂದು ಬುಕಿಂಗ್ ವೇಳೆಯೇ ನಿಮ್ಮ ಅರ್ಜಿಯಲ್ಲಿ ತುಂಬಿಸಿದ್ದೇವೆ.

ಆದ್ದರಿಂದ ದೋಣಿಗೆ ಕೊಟ್ಟ 38 ಯೂರೋ, ಜೊತೆಗೆ ಕಾರು ಹೋಗದ ದೂರಕ್ಕೆ ನೀವು ವಸೂಲಿ ಮಾಡಿದ ಮೊತ್ತ, ಎರಡನ್ನೂ ಹದಿನೈದು ದಿನದೊಳಗೆ ಅದೇ ಕಾರ್ಡ್‌ಗೆ ಮರಳಿಸಬೇಕು. ವೆನಿಸ್‌ನ ಎಲ್ಲ ವೋಚರ್‌ಗಳಿಂದ "ಹೋಟೆಲ್ ಬಾಗಿಲವರೆಗೆ" ಎಂಬ ಮಾತು ತೆಗೆದು "ಪಿಯಾಜಾಲೆ ರೋಮಾವರೆಗೆ" ಎಂದು ಬರೆಯಿರಿ. ಮೆಸ್ತ್ರೆಯಲ್ಲಿ ಹೋಟೆಲ್ ಇರುವವರಿಗೆ ಮಾತ್ರ ಹಳೆಯ ಮಾತು ಸರಿ, ಅದು ನೆಲದ ಮೇಲಿನ ಊರು. ಟ್ರೆವಿಸೊ ವಿಮಾನ ನಿಲ್ದಾಣಕ್ಕೆ ಇಳಿಯುವವರಿಗೂ ಇದೇ ವೋಚರ್ ಕಳಿಸುತ್ತಿದ್ದರೆ ಅದನ್ನೂ ತಿದ್ದಿ. ಆ ನಿಲ್ದಾಣ ಬೇರೆ, ಹೊರಡುವ ಬಸ್ಸೂ ಬೇರೆ.

ವೋಚರ್, ದೋಣಿ ಟಿಕೆಟ್‌ಗಳ ಪ್ರತಿಗಳನ್ನು ಲಗತ್ತಿಸಿದೆ.

ಇಂತಿ,
ಬುಕಿಂಗ್ ಮಾಡಿದ ಗ್ರಾಹಕರು