ಬಾನೆಟ್ ಪೇಂಟರ್‌ಗೆ ಬಿಡು, ರಿಮ್ ನೀನೇ ಮಾಡು

ಪ್ರೀತಿಯ ಪುಟ್ಟಾ,

ನೀನು ಕಳಿಸಿದ ಫೋಟೋಗಳನ್ನು ನೋಡಿದೆ. ಸ್ಯಾಂಟ್ರೋ ಬಾನೆಟ್ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಲೇಪ, ಪದರ ಪದರವಾಗಿ ಏಳುತ್ತಿದೆ, ಕಾರಿನ ಚಾವಣಿ ಪೂರ್ತಿ ಮಂಕು. ವರ್ಷಗಟ್ಟಲೆ ಬಿಸಿಲಲ್ಲೇ ನಿಂತ ಗಾಡಿ, ಇನ್ನೇನಾಗುತ್ತೆ? ಫುಲ್ ಪೇಂಟಿಂಗ್‌ಗೆ ದುಡ್ಡು ಸುರಿಯೋದು ದಂಡ ಅನ್ನೋ ನಿನ್ನ ಲೆಕ್ಕ ಸರಿಯೇ. ಆದರೆ ಇಡೀ ಕಾರಿಗೆ ಕಪ್ಪು ಪ್ಲಾಸ್ಟಿ ಡಿಪ್ ಹೊಡೆದುಬಿಡ್ತೀನಿ ಅಂದೆಯಲ್ಲ, ಅದಕ್ಕೆ ಮುಂಚೆ ನನ್ನ ಮಾತು ಸ್ವಲ್ಪ ಕೇಳು.

ಈ ರಬ್ಬರ್ ಲೇಪ ಕಾರಿಗಂತ ಹುಟ್ಟಿದ್ದಲ್ಲ. ಕಟಿಂಗ್ ಪ್ಲೇಯರ್‌ನಂಥ ಸಾಮಾನಿನ ಹಿಡಿ ಕೈಯಲ್ಲಿ ಜಾರದಿರಲಿ ಅಂತ ಅದ್ದಿ ತೆಗೆಯಲು ಬಳಸುತ್ತಿದ್ದದ್ದು. ಅಮೆರಿಕದಲ್ಲಿ 1972ರಿಂದ ಇದೆ. ಬೇಡವಾದಾಗ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ತೆಗೆಯಬಹುದು, ಅದಕ್ಕೇ ಕಾರಿನವರಿಗೆ ಇಷ್ಟವಾಯಿತು. ಆದರೆ ಸುಲಿಯಬೇಕಾದರೆ ಕೆಳಗಿನ ಬಣ್ಣ ಗಟ್ಟಿಯಾಗಿರಬೇಕು. ನಿನ್ನ ಬಾನೆಟ್ ಮೇಲೆ ಅದೇ ಇಲ್ವಲ್ಲ! ಲೇಪದ ಜೊತೆ ಬಣ್ಣವೂ ಎದ್ದು ಬರುತ್ತೆ. ಇದು ಪುಟ್ಟಿಯೂ ಅಲ್ಲ, ತಗ್ಗು ತುಂಬಲ್ಲ. ಬಾಗಿಲ ಕೆಳಗಿನ ತುಕ್ಕಿನ ಮೇಲೆ ಹೊಡೆದರಂತೂ ತುಕ್ಕು ಒಳಗೊಳಗೇ ತಿನ್ನುತ್ತಾ ಹೋಗುತ್ತೆ, ನಿನಗೆ ಕಾಣೋದೂ ಇಲ್ಲ.

ಇನ್ನೊಂದು, ಆರ್‌ಸಿಯಲ್ಲಿ ಬಣ್ಣ ಬೆಳ್ಳಿ ಅಂತ ಇದೆ. ಪೂರ್ತಿ ಬಣ್ಣ ಬದಲಿಸೋದಾದರೆ ಆರ್‌ಟಿಒ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಬರೆಸಬೇಕು. ಆ ಓಡಾಟ ನಿನಗೆ ಬೇಕಾ?

ಬಾನೆಟ್, ಚಾವಣಿ ಎರಡನ್ನು ಮಾತ್ರ ಪೇಂಟರ್ ಹತ್ತಿರ ಉಜ್ಜಿಸಿ, ಅದೇ ಬಣ್ಣ ಹೊಡೆಸು. ರಿಮ್, ಗ್ರಿಲ್, ಕನ್ನಡಿಯ ಕವರ್‌ಗೆ ರಬ್ಬರ್ ಲೇಪ ನೀನೇ ಹಾಕು. ನೋಡುವವರ ಕಣ್ಣು ಮೊದಲು ಹೋಗೋದೇ ಕಪ್ಪು ರಿಮ್‌ಗೆ.

ಹೋದ ಚಳಿಗಾಲ ನನ್ನ ಕಾರಿನ ರಿಮ್‌ಗೆ ನಾನೇ ಹೊಡೆದೆ. ನಿಮ್ಮಪ್ಪ ಕಾಫಿ ಲೋಟ ಹಿಡ್ಕೊಂಡು ಸಲಹೆ ಕೊಡ್ತಾ ನಿಂತಿದ್ದರು. ಸೋಪು ನೀರಲ್ಲಿ ಬ್ರೇಕಿನ ಕಪ್ಪು ಧೂಳು ಹೋಗುವವರೆಗೆ ಉಜ್ಜಿ, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ಪಾಲಿಶ್ ಜಿಡ್ಡು ಉಳಿದ ಕಡೆ ಲೇಪ ನಿಲ್ಲಲ್ಲ. ಟಯರಿಗೂ ರಿಮ್‌ಗೂ ನಡುವಿನ ಸಂದಿಯಲ್ಲಿ ಸುತ್ತಲೂ ಹಳೇ ಮದುವೆ ಕಾರ್ಡುಗಳನ್ನು ಒಂದರ ಮೇಲೊಂದು ಬರುವ ಹಾಗೆ ಸಿಕ್ಕಿಸಿದೆ. ಟೇಪ್ ಅಂಟಿಸುತ್ತಾ ಕೂರುವ ಕೆಲಸವೇ ಇಲ್ಲ. ನಟ್ಟಿನ ತೂತುಗಳನ್ನು ಮಾತ್ರ ಮುಚ್ಚು, ಅಲ್ಲಿ ರಬ್ಬರ್ ಕೂರಬಾರದು.

ಲೇಪದ ಸ್ಪ್ರೇ ಡಬ್ಬಿ ಚೆನ್ನಾಗಿ ಅಲ್ಲಾಡಿಸಿ, ಒಂದು ಗೇಣು ದೂರದಿಂದ ಹೊಡಿ. ಮೊದಲ ಕೋಟ್ ತೆಳ್ಳಗಿರಲಿ, ಹಳೇ ಬಣ್ಣ ಅರ್ಧಂಬರ್ಧ ಕಾಣಬೇಕು. ನೋಡೋಕೆ ಅಸಹ್ಯವಾಗಿರುತ್ತೆ, ಹೆದರಬೇಡ. ಇಪ್ಪತ್ತು-ಮೂವತ್ತು ನಿಮಿಷ ಬಿಟ್ಟು ಮುಂದಿನದು, ಅದು ಒದ್ದೆಯಾಗಿ ಹೊಳೆಯುವಷ್ಟು. ಹೀಗೆ ನಾಲ್ಕೈದು ಕೋಟ್ ಆಗಲೇಬೇಕು. ಇಲ್ಲಿ ಜಿಪುಣತನ ಮಾಡಿದರೆ ಮುಂದೆ ತೆಗೆಯುವಾಗ ಹಾಳೆಯಾಗಿ ಬರಲ್ಲ, ಚೂರು ಚೂರಾಗಿ ಉಗುರಲ್ಲಿ ಕೆರೀತಾ ಕೂರಬೇಕು. ಗ್ರಿಲ್ ಸುತ್ತ ಹಾಕಿದ ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಹಸಿಯಿರುವಾಗಲೇ ಎಳೆದುಬಿಡು. ಒಣಗಿದ ಮೇಲೆ ಎಳೆದರೆ ಲೇಪವೂ ಹರಿದುಕೊಂಡು ಬರುತ್ತೆ. ಆಮೇಲೆ ನಾಲ್ಕು ಗಂಟೆ ಮುಟ್ಟೋದು ಬೇಡ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಮಾತ್ರ ಮಾಡಲೇಬೇಡ ಕಣೇ. ಆ ಆವಿ ತಲೆ ಸುತ್ತಿಸುತ್ತೆ, ಬೆಂಕಿಯೂ ಹಿಡಿಯುತ್ತೆ. ಪಕ್ಕದವರ ಕಾರಿನ ಮೇಲೆ ಕಪ್ಪು ಧೂಳು ಕೂತರೆ ಜಗಳ ಬೇರೆ. ಮೋಡ, ತೇವ ಇರುವ ದಿನವೂ ಬೇಡ, ಲೇಪ ಬಿಳಿಚಿಕೊಳ್ಳುತ್ತೆ.

ಸಂಕ್ರಾಂತಿಗೆ ಬರ್ತೀಯಲ್ಲ, ಕಾರಲ್ಲೇ ಬಾ. ನಮ್ಮ ಅಂಗಳದಲ್ಲಿ ಇಬ್ಬರೂ ಸೇರಿ ಮಾಡೋಣ. ಮದುವೆ ಕಾರ್ಡು ನನ್ನ ಹತ್ತಿರ ಬೇಕಾದಷ್ಟಿವೆ. ಪೇಂಟರ್‌ಗಳು ಹಾಕುವ, ಫಿಲ್ಟರ್ ಇರುವ ಮಾಸ್ಕ್ ಎರಡು ತಾ. ಬಟ್ಟೆಯದ್ದು ತರಬೇಡ, ಅದು ಆವಿ ತಡೆಯಲ್ಲ.

ಪ್ರೀತಿಯಿಂದ,
ಅಮ್ಮ