ಆ ಒಂದು ಸಾಲು ಹೊಡೆದುಹಾಕು

ರಾಯಚೂರು

ಚಿ. ಸುಧಾಳಿಗೆ ಸೋದರಮಾವನ ಆಶೀರ್ವಾದಗಳು.

ಕೋಶದೊಳಗಿನ ಸಿಕ್ ಎಂಬ ಕಿಣ್ವವನ್ನು ತಡೆಯುವ ಔಷಧವನ್ನು ಅಲರ್ಜಿ ಕೋಶಗಳ ಮೇಲೆ ಪರೀಕ್ಷಿಸಿದ ನಿನ್ನ ಪ್ರಾಜೆಕ್ಟ್ ವರದಿ ಓದಿದೆ. ಶ್ರದ್ಧೆಯಿಂದ ಮಾಡಿದ್ದೀಯ. ಆದರೆ ಕೊನೆಗೆ ‘ಸಿಕ್ ಕಿಣ್ವವನ್ನು ತಡೆದರೆ ಉರಿಯೂತ ನಿಲ್ಲುತ್ತದೆ’ ಅಂತ ಬರೆದಿದ್ದೀಯಲ್ಲ, ಆ ಸಾಲು ಹೊಡೆದುಹಾಕು. ನೀನು ಅಳೆದದ್ದು ಅಷ್ಟಿಲ್ಲ.

ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಹೊತ್ತ ಮಾಸ್ಟ್ ಕೋಶಕ್ಕೆ (ಅಲರ್ಜಿ ಕೆರಳಿಸುವ ರಕ್ಷಣಾ ಕೋಶಕ್ಕೆ) ಅಲರ್ಜಿ ತರುವ ವಸ್ತು ತಗುಲಿತು ಅನ್ನು. ಒಳಗಿನ ಲಿನ್, ಸಿಕ್ ಕಿಣ್ವಗಳು ಚುರುಕಾಗುತ್ತವೆ, ಕ್ಯಾಲ್ಸಿಯಂ ಏರುತ್ತದೆ, ಕಣಗಳಲ್ಲಿ ಕೂಡಿಟ್ಟ ಹಿಸ್ಟಮೀನ್ ನಿಮಿಷಗಳಲ್ಲಿ ಹೊರಬೀಳುತ್ತದೆ. ಉರಿಯೂತ ತರುವ ಲ್ಯೂಕೋಟ್ರೀನ್, ಪ್ರೊಸ್ಟಗ್ಲಾಂಡಿನ್ ಆಗ ಹೊಸದಾಗಿ ತಯಾರಾಗುತ್ತವೆ. ಇಂಟರ್‌ಲ್ಯೂಕಿನ್-6ರಂಥ ಸಂದೇಶ ಪ್ರೋಟೀನುಗಳು ಬರಲು ಗಂಟೆಗಳೇ ಬೇಕು. ನೀನು ಅರ್ಧ ಗಂಟೆಗೆ ಪ್ಲೇಟ್ ಎತ್ತಿ ಹಿಸ್ಟಮೀನ್ ಜೊತೆ ಕಣಗಳಿಂದ ಹೊರಬರುವ ಹೆಕ್ಸೋಸಮಿನಿಡೇಸ್ ಕಿಣ್ವ ಮಾತ್ರ ನೋಡಿದ್ದೀಯ. ಉಳಿದವುಗಳ ಬಗ್ಗೆ ಹೇಗೆ ಹೇಳುತ್ತೀ?

ಆ ಹೆಕ್ಸೋಸಮಿನಿಡೇಸ್ ಮೇಲೂ ನನಗೊಂದು ಗುಮಾನಿ. ಪ್ಲೇಟಿನ ಬಾವಿಗಳಲ್ಲಿ (ಪುಟ್ಟ ಗುಳಿಗಳಲ್ಲಿ) ಆ ಕಿಣ್ವ ತರುವ ಹಳದಿ ಬಣ್ಣ ತೆಳುವಾಯಿತು, ಸರಿ. ಕಣದಲ್ಲಿದ್ದದ್ದು ಹೊರಗೆ ಬರಲಿಲ್ಲವೋ, ಹೊರಬಂದ ಕಿಣ್ವವನ್ನೇ ನಿನ್ನ ಔಷಧ ಅಮುಕಿತೋ? ಕೋಶಗಳನ್ನು ಡಿಟರ್ಜೆಂಟ್ ಹಾಕಿ ಒಡೆ, ಆ ದ್ರವಕ್ಕೆ ಔಷಧ ಸೇರಿಸಿ ನೋಡು. ಅಲ್ಲೂ ಬಣ್ಣ ಇಳಿದರೆ ನಿನ್ನ ಗ್ರಾಫ್ ನಂಬುವಂತಿಲ್ಲ. ಇನ್ನೊಂದು ಪ್ಲೇಟಿನಲ್ಲಿ ಕ್ಯಾಲ್ಸಿಯಂ ಅಯನೊಫೋರ್ ಹಾಕು. ಅದು ಸಿಕ್ ದಾರಿಯನ್ನು ಬಿಟ್ಟು ನೇರವಾಗಿ ಕ್ಯಾಲ್ಸಿಯಂ ಒಳಗೆ ಬಿಡುತ್ತದೆ. ಆಗಲೂ ಬಿಡುಗಡೆ ಕಡಿಮೆಯಾದರೆ ಔಷಧ ಬೇರೆಲ್ಲೋ ಕೈಹಾಕಿದೆ, ಇಲ್ಲವೇ ಕೋಶಗಳೇ ಸತ್ತಿವೆ. ಎಷ್ಟು ಬದುಕಿವೆ ಅಂತ ಎಣಿಸಿದ್ದು ವರದಿಯಲ್ಲಿ ಕಾಣಲಿಲ್ಲ. ಇದನ್ನು ಮೊದಲು ಮಾಡು. ನೀನು ಬಳಸಿದ ಆರ್‌ಬಿಎಲ್ ಕೋಶಗಳು ಇಲಿಯ ಲ್ಯುಕೇಮಿಯಾದಿಂದ ಬಂದವು, ಮನುಷ್ಯನ ಚರ್ಮದವಲ್ಲ ಅನ್ನುವುದನ್ನೂ ಒಂದು ಕಡೆ ಬರೆ.

ಇಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದಾಗ ಸೀನಿದವರೆಲ್ಲ ‘ಅಲರ್ಜಿ’ ಅನ್ನುತ್ತಾರೆ. ಖಾರ ಕೆರಳಿಸುವುದು ಹೆಚ್ಚಾಗಿ ನರವನ್ನು, ಅದಕ್ಕೆ ಐಜಿಇ ಬೇಕಿಲ್ಲ. ಮಾಸ್ಟ್ ಕೋಶಕ್ಕೂ ಐಜಿಇ ಇಲ್ಲದ ಬಾಗಿಲುಗಳಿವೆ. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಅನ್ನು ರಕ್ತನಾಳಕ್ಕೆ ಬೇಗ ಏರಿಸಿದಾಗ ಮೈ ಕೆಂಪಾಗುತ್ತದಲ್ವಾ, ಅದು ಆ ಕೋಶದ ಮೇಲಿನ ಗ್ರಾಹಕವಾದ ಎಂಆರ್‌ಜಿಪಿಆರ್‌ಎಕ್ಸ್2 ದಾರಿ.

ಅಲರ್ಜಿ ಮಾತ್ರೆ ಸೆಟ್ರಿಜಿನ್ ಅನ್ನು ಸುಮ್ನೆ ನಿನ್ನ ಔಷಧದ ಸಾಲಿಗೆ ಸೇರಿಸಬೇಡ. ಅದರ ಕೆಲಸ ಹೊರಬಂದ ಹಿಸ್ಟಮೀನ್ ಕೂರುವ ಜಾಗದಲ್ಲಿ. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಒಮಾಲಿಜುಮ್ಯಾಬ್ ಐಜಿಇಯನ್ನೇ ಹಿಡಿಯುತ್ತದೆ. ಮೂರೂ ತಡೆಯುವ ಮೆಟ್ಟಿಲು ಬೇರೆ ಬೇರೆ. ಪರಿಚಯದ ಅಧ್ಯಾಯದಲ್ಲಿ ಹಾಗೇ ಬರೆ.

ಹೊಸ ಪ್ಲೇಟಿನ ಲೆಕ್ಕ ಬಂದರೆ ಕಳಿಸು. ಸೊನ್ನೆ ಬಂದ ಬಾವಿಗಳನ್ನೂ ಬಿಡಬೇಡ.

ಇಂತಿ,
ನಿನ್ನ ಸೋದರಮಾವ